ಚಿಲಕಾ ಹಾಕ್ರಿ ಅಂದಾಕಿ

"ಆಯಿ... ನಿಮ್ಮ ತಲಿ ಬಿತ್ತರಿ!"

ಪೂನಮ ಗಕ್ಕನೆ ತಿರುಗಿದಳು.

ತಿಕೋಟಾದ ದ್ರಾಕ್ಷಿ ಒಣಗಿಸುವ ಶೆಡ್ಡಿನ ಮುಂದೆ, ಏಪ್ರಿಲ್ ತಿಂಗಳ ಬಿಸಿಗಾಳಿಯಲ್ಲಿ, ನೀಲಿ ಅಂಗಿಯ ಯುವಕನೊಬ್ಬ ಅವಳ ಬಿಳಿಕೂದಲ ವಿಗ್ಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಥೇಟ್ ಗುಡಿಯಲ್ಲಿ ಪ್ರಸಾದ ಕೊಡುವವನ ಹಾಗೆ!

ಹಿಂದೆ ಒಣದ್ರಾಕ್ಷಿ ಆರಿಸುತ್ತಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

ಮುಖದ ತುಂಬ ಸುಕ್ಕು ಬಳಿದುಕೊಂಡು, ಇಳಕಲ್ ಸೀರೆ ಉಟ್ಟು, ಮೈಕ್ ಹಿಡಿದಿದ್ದ ಎಂಬತ್ತರ 'ಮುದುಕವ್ವ'ನ ತಲೆಯಿಂದ ಈಗ ಇಪ್ಪತ್ತಾರರ ಹುಡುಗಿಯ ಕರೀ ಜಡೆ ಜೋತಾಡುತ್ತಿತ್ತು.

ಸಿನಿಮಾ ಆಗಿದ್ದರೆ ಇಲ್ಲಿ ಪಿಟೀಲು ಬಾರಿಸಬೇಕಿತ್ತು. ಬಾರಿಸಿದ್ದು ರಸ್ತೆ ಮೇಲಿನ ಟಂಟಂ ಆಟೋದ ಹಾರ್ನ್.

"ಕೊಡ್ರಿ ಇಲ್ಲಿ!" ಪೂನಮ ಕಸಿದುಕೊಂಡಳು. "ತಲಿ ತಿನ್ನೋರನ್ನ ಬಾಳ ಮಂದಿ ನೋಡೀನಿ. ತಲಿ ಎತ್ತಿ ಕೊಡೋರನ್ನ ಇವತ್ತ ನೋಡಿದೆ!"

"ಬಿದ್ದದ್ದು ಎತ್ತಿ ಕೊಡೂದ ನಮ್ಮ ಕೆಲಸರಿ. ಸಾಲಿ ಮಾಸ್ತರ ಅದೇನಿ."

ಅವನು ನಗಲಿಲ್ಲ. ಆದರೆ ಕಣ್ಣು ನಗುತ್ತಿದ್ದವು. ಆ ಕಣ್ಣು ಎದುರಿಸಲಾಗದೆ ಅವಳು ವಿಗ್ಗನ್ನು ಗಡಿಬಿಡಿಯಲ್ಲಿ ಹಿಂದುಮುಂದಾಗಿ ಹಾಕಿಕೊಂಡಳು. ಹೆಂಗಸರು ಮತ್ತೊಮ್ಮೆ ನಕ್ಕರು.

'ಏ ಪೂನಮ, ಊರಿಗೆಲ್ಲ ಪಂಚ್ ಡೈಲಾಗ್ ಹೊಡೆಯಾಕಿ... ಈಗ್ಯಾಕ ಮಾತ ನಿಂತಾವ?' ಎಂದು ಅವಳ ಮನಸ್ಸೇ ಅವಳನ್ನು ಕಾಡಿಸಿತು.

ಅವನ ಹೆಸರು ಕುನಾಲ. ಬಿಜ್ಜರಗಿಯವನು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ಈಗ ಚುನಾವಣೆ ಡ್ಯೂಟಿ. ಅವನ ತಾಯಿ ಭೀಮಾಬಾಯಿ ಇದೇ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳಿಗೆ ಬುತ್ತಿ ಕೊಡಲು ಬಂದಿದ್ದ.

ಇನ್ನು ಪೂನಮ! ವಿಜಯಪುರದ 'ಬಿಸಿಲು ಟೀವಿ'ಯಲ್ಲಿ ದಿನಾ ಸಂಜೆ ಏಳೂವರೆಗೆ 'ಮುದುಕವ್ವನ ಕಟ್ಟಿ' ಶುರುವಾದರೆ, ರೊಟ್ಟಿ ಬಡಿಯುವ ಕೈ ಅರ್ಧ ತಾಸು ನಿಲ್ಲುತ್ತಿದ್ದವು. ಯಾವ ಪಕ್ಷವನ್ನೂ ಬಿಡುತ್ತಿರಲಿಲ್ಲ ಮುದುಕವ್ವ. ಕೈ ಮುಗಿಯುತ್ತ ಬಂದವರಿಗೆ 'ಏ ತಮ್ಮಾ, ಕೈ ಮುಗದ್ಯಲ್ಲಾ, ಕೆಲಸ ಮುಗಸೂದು ಯಾವಾಗ?' ಎನ್ನುತ್ತಿದ್ದಳು. ಬಿಟ್ಟದ್ದೇ ಬಾಣ!

"ನಿಮ್ಮಿಂದ ಒಂದ ಕೆಲಸ ಆಗಬೇಕಿತ್ತರಿ," ಎಂದ ಕುನಾಲ, ಶೂಟಿಂಗ್ ಮುಗಿದ ಮೇಲೆ, ತನ್ನ ಅಜ್ಜಿಯ ಮಾತೆತ್ತಿ. "ನಮ್ಮ ಆಯಿ ಸೀತವ್ವ ಅಂತ. ಎಂಬತ್ತೇಳ ವರ್ಷ. ನೀವ ಅಂದ್ರ ಮುಗೀತು. ನೀವ ಖರೇನ ಮುದುಕಿ ಅಂತ ತಿಳಕೊಂಡಾಳ ಆಕಿ. ಟೀವಿ ಮುಂದ ಕುಂತು ನಿಮ್ಮ ಜೋಡಿ ಮಾತಾಡ್ತಾಳ!"

"ಹೌದ?" ಪೂನಮಳ ಮುಖ ಅರಳಿತು.

"ಈ ಸಲ ಎಂಬತ್ತೈದ ದಾಟಿದವರಿಗೆ ಮನಿಗೇ ಬಂದು ಓಟ ಹಾಕಿಸ್ಕೋತಾರರಿ. ನಾನೂ ಬಬಲೇಶ್ವರ ಕಡೆ ಅದೇ ತಂಡದಾಗ ಅದೇನಿ. ಎರಡ ಸಲ ಬರ್ತಾರ, ಅಷ್ಟ. ಎರಡೂ ಸಲ ತಪ್ಪಿದ್ರ ಆಮ್ಯಾಲ ಸಾಲ್ಯಾಗಿನ ಮತಗಟ್ಟಿಗೆ ಹೋದ್ರೂ ಓಟ ಹಾಕಾಕ ಬಿಡಂಗಿಲ್ಲ. ಬಾಗಲಾ ತೆಗೀರಿ, ಅವರು ನಮ್ಮವರ ಅಂತ ನಿಮ್ಮ ಶೋದಾಗ ಒಂದ ಮಾತ ಹೇಳ್ರಿ."

"ಮನ್ಯಾಗಿನವರಿಗೆ ನೀವ ಹೇಳಬಹುದಲ್ರಿ?"

ಕುನಾಲ ಒಂದು ಗಳಿಗೆ ನೆಲ ನೋಡಿದ. "ನಾ ಹೇಳಿದ್ರ ಬೈತಾಳ. ನೀವ ಹೇಳಿದ್ರ ಕೇಳ್ತಾಳ."

"ಮುದುಕವ್ವ ಮಾತ ಕೊಟ್ಟಾಳಂದ್ರ ಮಾತ! ಕೊಟ್ಟ ಮಾತ, ಬಿಟ್ಟ ಬಾಣ... ಎರಡೂ ತಿರುಗಿ ಬರಂಗಿಲ್ಲ ಮಾಸ್ತರ!" ಪೂನಮ ಕೊರಳ ಸರ ಎತ್ತಿ ಹಿಡಿದು ಹೀರೊ ಹಾಗೆ ನಿಂತಳು.

ಈಗ ಕುನಾಲ ನಕ್ಕುಬಿಟ್ಟ.

ಅಷ್ಟೇ. ಪೂನಮಳ ಎದೆಯಲ್ಲಿ ಏನೋ ಜಾರಿತು. ಈ ಸಲ ವಿಗ್ ಅಲ್ಲ.

ಆಮೇಲೆ ದಿನಾ ಫೋನು. ಚುನಾವಣೆ ತರಬೇತಿಗೆಂದು ಅವನು ವಿಜಯಪುರಕ್ಕೆ ಬಂದ ದಿನ ಇಬ್ಬರೂ ಭೂತನಾಳ ಕೆರೆಯ ದಂಡೆಯ ಮೇಲೆ ಕುಳಿತು ಚಹಾ ಕುಡಿದರು. ಬೈಕಿನಲ್ಲಿ ಹಿಂದೆ ಕುಳಿತಾಗ ಇಬ್ಬರ ನಡುವೆ ಅವಳ ಬ್ಯಾಗಿತ್ತು. ವಾಪಸ್ ಬರುವಾಗ ಬ್ಯಾಗ್ ಅವಳ ಬೆನ್ನಿಗೆ ಹೋಗಿತ್ತು.

"ನಮ್ಮ ತಂಡ ನೋಡಬೇಕರಿ ನೀವ," ಎಂದು ಕುನಾಲ ನಗಿಸುತ್ತಿದ್ದ. "ನಾವಿಬ್ಬರು ಮಾಸ್ತರು, ಒಬ್ಬ ಪೊಲೀಸ, ಒಬ್ಬ ವಿಡಿಯೋದಾವ, ಒಂದ ಪೆಟ್ಟಿಗಿ! ಓಣ್ಯಾಗ ಹೊಂಟ್ರ ಹೆಣ್ಣ ನೋಡಾಕ ಬಂದಾರೋ, ಜಪ್ತಿ ಮಾಡಾಕ ಬಂದಾರೋ ತಿಳಿಯಂಗಿಲ್ಲ!"

ಪೂನಮ ಚಹಾ ಚೆಲ್ಲುವಷ್ಟು ನಕ್ಕಳು. ಆ ಚಿತ್ರ ಅವಳ ತಲೆಯಲ್ಲಿ ಅಂಟಿಕೊಂಡಿತು. ಪೆಟ್ಟಿಗೆ, ಪೊಲೀಸ, ವಿಡಿಯೋದವನು...

ಅಂಟಿಕೊಂಡದ್ದೇ ತಪ್ಪಾಯಿತು.

ಮರುದಿನ ಸಂಜೆಯ ಲೈವ್ ಶೋ. ಅವಳು ಮಾತು ಕೊಟ್ಟಂತೆಯೇ ಬರೆದುಕೊಂಡು ಹೋಗಿದ್ದಳು. ಚಾನೆಲ್ ಮಾಲೀಕ ಚಂದ್ರಕಾಂತ ಹಾಳೆ ಓದಿ ಮೂಗು ಮುರಿದ.

"ಏನವಾ ಇದು? ಪಂಚಾಯತಿ ಡಂಗುರ ಇದ್ದಂಗ ಐತಿ. ನಗು ಎಲ್ಲೈತಿ ಇದರಾಗ?"

"ಒಂದ ಸಾಲ ಅಷ್ಟರಿ..."

"ಒಂದ ಸಾಲಿಗೆ ಮಂದಿ ಚಾನೆಲ್ ಬದಲಿ ಮಾಡ್ತಾರ! ನಗಸು, ಇಲ್ಲಾ ಬಿಡು."

ಲೈಟ್ ಹತ್ತಿತು. ಕ್ಯಾಮೆರಾದ ಕೆಂಪು ಚುಕ್ಕಿ ಮಿಣುಕಿತು. ಆಗ ಮುದುಕವ್ವನ ನಾಲಿಗೆಯ ಮೇಲೆ ಆ ಚಿತ್ರ ತಾನಾಗಿ ಕುಣಿಯಿತು.

"ಐದ ವರ್ಷ ನಿಮ್ಮ ಓಣಿ ಕಡೆ ಹಾಯದವರು ಈಗ ಪೆಟ್ಟಿಗಿ ಹೊತ್ತು ಬರ್ತಾರವ್ವಾ! ಜೋಡೀಲಿ ಪೊಲೀಸ, ಹಿಂದ ವಿಡಿಯೋದಾವ! 'ಆಯಿ, ನಾವು ನಿಮ್ಮವರ' ಅಂತಾರ. ನಂಬಬ್ಯಾಡ್ರಿ! ಚಿಲಕಾ ಹಾಕ್ರಿ! ಒಳಗಿಂದ 'ಮುದುಕಿ ಊರಿಗೆ ಹೋಗ್ಯಾಳ' ಅನ್ರಿ!"

ಸ್ಟುಡಿಯೋದಲ್ಲಿ ನಗೆಯೋ ನಗೆ. ಕ್ಯಾಮೆರಾದವನು ಹೊಟ್ಟೆ ಹಿಡಿದು ಕುಸಿದ. ಚಂದ್ರಕಾಂತ ಚಪ್ಪಾಳೆ ತಟ್ಟಿದ.

ಸೀರೆ, ಕುಕ್ಕರ್ ಹಂಚುವವರನ್ನೇ ಅವಳು ಅಣಕಿಸಿದ್ದು. ಯಾರಿಗಾದರೂ ತಿಳಿಯುತ್ತದಲ್ಲ! ಹಾಗಂತ ಸಮಾಧಾನ ಮಾಡಿಕೊಂಡಳು. ಆದರೂ ಮೇಕಪ್ ಒರೆಸುವಾಗ ಎದೆಯಲ್ಲೊಂದು ಮುಳ್ಳು ಚುಚ್ಚಿತು.

'ಖರೇ ಮಾತ ನಾಳೆ ಹೇಳಿದ್ರಾತು...'

ಆ ನಾಳೆ ಬರಲಿಲ್ಲ. ನಾಳೆಗೆ ಮತ್ತೊಂದು ಜೋಕಿತ್ತು. ನಾಡಿದ್ದಿಗೆ ಇನ್ನೊಂದು. 'ಚಿಲಕಾ ಹಾಕ್ರಿ' ವಿಡಿಯೋ ಊರೆಲ್ಲ ಓಡಾಡಿತು. ಬಸ್ಸಿನಲ್ಲಿ ಕಂಡಕ್ಟರ್ ಕೂಡ ಬಾಗಿಲು ಹಾಕುತ್ತ "ಚಿಲಕಾ ಹಾಕ್ರಿ!" ಎನ್ನತೊಡಗಿದ.

ಕುನಾಲನಿಂದ ಒಂದೇ ಒಂದು ಮೆಸೇಜ್ ಬಂತು.

'ಎಲ್ಲಾರೂ ನಗಾಕತ್ತಾರರಿ.'

'ನೀವ ನಕ್ಕಿರಿಲ್ಲೋ?' ಎಂದು ಕೇಳಿದಳು.

ಉತ್ತರವಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಒಂದು ದಿನ... ಮೂರು ದಿನ... ವಾರ.

'ಅಬ್ಬಾ, ಎಂಥಾ ಸೊಕ್ಕು! ಒಂದ ಜೋಕಿಗೆ ಇಷ್ಟ ಸಿಟ್ಟ?' ಎಂದು ಹಲ್ಲು ಕಡಿದಳು. ಹಲ್ಲು ಕಡಿಯುತ್ತಲೇ ಫೋನ್ ನೋಡುತ್ತಿದ್ದಳು. ಮುಳ್ಳು ಮಾತ್ರ ಇದ್ದಲ್ಲೇ ಇತ್ತು.

ಮತದಾನದ ದಿನ ಬಂತು.

ಬೆಳಗ್ಗೆ ಏಳಕ್ಕೇ ವಿಜಯಪುರದಲ್ಲಿ ತನ್ನ ಓಟು ಹಾಕಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಮುದುಕವ್ವನ ವೇಷದಲ್ಲಿ ಊರೂರು ಸುತ್ತಿದಳು ಪೂನಮ. ಹನ್ನೊಂದರ ಹೊತ್ತಿಗೆ ಬಿಜ್ಜರಗಿ. ಊರ ಶಾಲೆಯಲ್ಲಿ ಮತಗಟ್ಟೆ. ನೂರು ಮೀಟರ್ ದೂರಕ್ಕೆ ಸುಣ್ಣದ ಗೆರೆ ಎಳೆದಿದ್ದರು. ಗೆರೆಯ ಈಚೆ ಬೇವಿನ ಗಿಡದ ನೆರಳಲ್ಲಿ ಅವಳು ನಿಂತಿದ್ದಳು. ಬಂದವರನ್ನೆಲ್ಲ ಮಾತಾಡಿಸುವ ನೆಪ. ಅವರಲ್ಲಿ ನೀಲಿ ಅಂಗಿ ಇದೆಯೇ ಎಂದು ಹುಡುಕುವುದೇ ನಿಜ!

ಅಷ್ಟರಲ್ಲಿ ಶಾಲೆಯ ಗೇಟಿನಿಂದ ಒಂದು ಬಡಕಲು ಜೀವ ಕೋಲೂರುತ್ತ ಹೊರಬಂತು. ಇಸ್ತ್ರಿ ಮಾಡಿದ ಬಿಳಿ ಸೀರೆ. ಎಣ್ಣೆ ಹಚ್ಚಿ ಬಾಚಿದ ತಲೆ. ಮುದುಕಿ ಗೊಂದಲದಲ್ಲಿ ಅತ್ತ ಇತ್ತ ನೋಡಿದಳು. ಪೂನಮಳನ್ನು ಕಂಡದ್ದೇ ತಡ, ಮುಖ ಹಿಗ್ಗಿ ಹೀರೇಕಾಯಿ ಆಯಿತು.

"ಮುದುಕವ್ವಾ! ನೀ ಬಂದಿ? ದೇವರ ಕಳಸಿದಂಗ ಬಂದಿ ನೋಡ!" ಓಡೋಡಿ ಬಂದಂತೆ ಬಂದು ಪೂನಮಳ ಕೈ ಹಿಡಿದಳು. "ಈ ಮಂದಿಗೆ ನೀನರ ಹೇಳ. ನನಗ ಓಟ ಹಾಕಾಕ ಬಿಡವಲ್ರು!"

"ಯಾಕರಿ ಆಯಿ?"

"'ನಿಮ್ಮ ಹೆಸರ ಮನಿ ಓಟಿನ ಪಟ್ಟ್ಯಾಗ ಐತಿ, ಇಲ್ಲಿ ಬರಂಗಿಲ್ಲ' ಅಂತಾರ. ಎಂಥಾ ಮನಿ ಓಟ? ನೀ ಹೇಳಿದಂಗ ಮಾಡೀನಿ ನಾ! ಪೆಟ್ಟಿಗಿ ಹೊತ್ತು ಬಂದಿದ್ರು. ಪೊಲೀಸ, ವಿಡಿಯೋದಾವ, ನೀ ಅಂದಂಗ! ಚಿಲಕಾ ಹಾಕಿದೆ. ಎರಡ ಸಲ ಬಂದ್ರು, ಎರಡೂ ಸಲ ಹಾಕಿದೆ! ಯಾರಿಗೂ ಹೇಳಲಿಲ್ಲ. ನನ್ನ ಮೊಮ್ಮಗನೂ ಪೆಟ್ಟಿಗಿ ಹೊರಾಕ ಹೋಗ್ಯಾನ, ಅವರ ಪೈಕಿ ಆಗ್ಯಾನ!"

ಪೂನಮ ಹಿಡಿದಿದ್ದ ಮೈಕ್ ಇಳಿಸಿದಳು.

"ನಿಮ್ಮ... ಹೆಸರ?"

"ಸೀತವ್ವ. ಕುನಾಲ ಮಾಸ್ತರನ ಆಯಿ."

ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ.

"ಬಾರವ್ವಾ, ನೀ ಒಂದ ಮಾತ ಹೇಳಿದ್ರ ಕೇಳ್ತಾರ." ಸೀತವ್ವ ಅವಳನ್ನು ಎಳೆದಳು. "ಒಮ್ಮಿನೂ ತಪ್ಪಿಸಿಲ್ಲ ನಾ. ಬಸರಿದ್ದಾಗ ಬಂದೀನಿ. ಗಂಡ ಸತ್ತ ಐದನೇ ದಿನಕ್ಕ ಬಂದೀನಿ. ಬಾಂವಿ ಕಡೆ ಹೋದ್ರ ದೂರ ನಿಲ್ಲಂತಿದ್ರು ನಮಗ. ಈ ಓಟಿನ ಪಾಳ್ಯಾಗ ಮಾತ್ರ ನನ್ನ ಹಿಂದ ಗೌಡ್ರ ನಿಲ್ತಿದ್ರವ್ವಾ... ಯಾರೂ ದೂರ ಸರಿ ಅಂತಿರಲಿಲ್ಲ."

ಸುಣ್ಣದ ಗೆರೆಯ ತನಕ ಬಂದ ಪೂನಮ ಅಲ್ಲೇ ನಿಂತಳು. ದಾಟುವ ಹಾಗಿರಲಿಲ್ಲ. ದಾಟಿ ಏನು ಹೇಳುವುದು? ಅಧಿಕಾರಿಗಳು ನಿಯಮದ ಪ್ರಕಾರವೇ ನಡೆದಿದ್ದರು. ತಪ್ಪಿದ್ದವಳು ಒಬ್ಬಳೇ. ಸುಕ್ಕು ಬಳಿದುಕೊಂಡು ನಿಂತವಳು.

"ಆಯಿ... ಅವರು ಬಿಡಂಗಿಲ್ರಿ..."

"ನೀ ಹೇಳಿದ್ರೂನೂ?"

ಸೀತವ್ವ ತನ್ನ ಎಡಗೈ ಬೆರಳನ್ನು ಮೇಲೆ ಕೆಳಗೆ ತಿರುಗಿಸಿ ನೋಡಿಕೊಂಡಳು. ಆಮೇಲೆ ಪೂನಮಳ ಬೆರಳ ಶಾಯಿ ನೋಡಿದಳು.

"ನಿಂದಾಗೇತಲ್ಲ, ಅಷ್ಟ ಸಾಕ ಬಿಡ," ಎಂದು ಕೋಲೂರುತ್ತ ಹೊರಟೇಬಿಟ್ಟಳು.

ಬೈದಿದ್ದರೆ ಚೆನ್ನಾಗಿತ್ತು! ಕೋಲಿನಿಂದ ಹೊಡೆದಿದ್ದರೂ ಚೆನ್ನಾಗಿತ್ತು!

ಅವತ್ತು ಮನೆಗೆ ಬಂದು ಮುಖ ತೊಳೆದಳು. ಸುಕ್ಕು ಹೋದವು. ಶಾಯಿ ಹೋಗಲಿಲ್ಲ. ನಡುಮನೆಯ ಗೋಡೆಯಿಂದ ಬಾಬಾಸಾಹೇಬರ ಫೋಟೊ ನೋಡುತ್ತಿತ್ತು. ಚಿಕ್ಕಂದಿನಿಂದ ದಿನಾ ಕೈಮುಗಿದ ಫೋಟೊ. ಇವತ್ತು ಅದರ ಕಡೆ ಕತ್ತೆತ್ತಲು ಆಗಲಿಲ್ಲ.

'ನಗಸಾಕ ಹೋಗಿ ಏನ ಕಸಗೊಂಡೆ ನಾ?... ಯಾರ ಕಡೆಯಿಂದ ಕಸಗೊಂಡೆ?'

ಕುನಾಲ ಯಾಕೆ ಮೌನವಾದ ಎಂಬುದು ಈಗ ತಿಳಿಯಿತು. ಸಿಟ್ಟಲ್ಲ ಅದು, ಅಸಹ್ಯ ಎಂದುಕೊಂಡಳು. ಇಡೀ ರಾತ್ರಿ ಅತ್ತಳು.

ಮರುದಿನ ಸಂಜೆ ಸ್ಟುಡಿಯೋಕ್ಕೆ ಬಂದಾಗ ತಲೆಯಲ್ಲಿ ವಿಗ್ ಇರಲಿಲ್ಲ.

"ಲೈವ್‌ಗೆ ಐದ ನಿಮಿಷ ಐತಿ! ವೇಷ ಎಲ್ಲವಾ?" ಚಂದ್ರಕಾಂತ ಚೀರಿದ.

"ಇವತ್ತ ಮುದುಕವ್ವ ಬರಂಗಿಲ್ರಿ. ನಾನ ಕುಂಡ್ರಾಕಿ."

"ನಿನ್ನ ಮಾರಿ ಯಾರ ನೋಡ್ತಾರ? ಶೋ ಹಾಳಾದ್ರ ನಾಳಿಂದ ಬರಬ್ಯಾಡ ನೋಡ!"

"ಹಾಳ ಮಾಡೂದು ಮಾಡಿ ಆಗೇತಿ ಸರ್. ಈಗ ಹೇಳೂದಷ್ಟ ಉಳದೈತಿ."

ಕೆಂಪು ಚುಕ್ಕಿ ಮಿಣುಕಿತು.

"ನಾ ಪೂನಮ. ಇಷ್ಟ ದಿನ ಮುದುಕವ್ವ ಆಗಿ ನಿಮ್ಮ ಮನಿಗೆ ಬಂದಾಕಿ ನಾನ." ಕೈ ಮುಗಿದಳು. "ಪೆಟ್ಟಿಗಿ ಹೊತ್ತು ಬಂದವರಿಗೆ ಚಿಲಕಾ ಹಾಕ್ರಿ ಅಂದಿದ್ದೆ. ಪೆಟ್ಟಿಗಿ, ಪೊಲೀಸ, ವಿಡಿಯೋದಾವ... ಅವರು ಖರೇನ ನಿಮ್ಮ ಓಟ ತಗೊಳಾಕ ಬರೋರು ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಅಂದೆ. ನೀವ ನಗಲಿ ಅಂತ. ತಿದ್ದಾಕ ದಿನಾ ಇದ್ವು, ತಿದ್ದಲಿಲ್ಲ. ನನ್ನ ಮಾತ ನಂಬಿ ಒಬ್ಬ ಆಯಿ ಓಟ ಕಳಕೊಂಡಾಳ. ಇನ್ನೆಷ್ಟ ಮಂದಿ ಕಳಕೊಂಡೀರೋ ಗೊತ್ತಿಲ್ಲ. ತಪ್ಪಾತರಿ. ಇದಕ್ಕ ನಗಬ್ಯಾಡ್ರಿ."

ಯಾರೂ ನಗಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಬಿಜ್ಜರಗಿಗೆ ಹೋದಳು. ಕೇಳಿಕೊಂಡು ಕೇಳಿಕೊಂಡು ಸೀತವ್ವನ ಮನೆ ಮುಟ್ಟಿದಾಗ ಬಾಗಿಲು ಮುಚ್ಚಿತ್ತು. ಬಡಿದಳು.

"ಯಾರ?"

"ನಾನ್ರಿ ಆಯಿ... ಪೂನಮ. ಟೀವ್ಯಾಗ..."

ಒಳಗಿನಿಂದ ಧ್ವನಿ ಬಂತು. "ಮುದುಕಿ ಊರಿಗೆ ಹೋಗ್ಯಾಳ!"

ತನ್ನದೇ ಡೈಲಾಗ್! ಪೂನಮ ಹೊಸ್ತಿಲ ಮೇಲೆ ಕುಸಿದು ಕುಳಿತಳು.

"ತೆಗೀಬ್ಯಾಡ್ರಿ ಆಯಿ. ನನಗ ಇದ ಸರಿ. ನೀವ ತೆಗಿಯೋತನಾ ಇಲ್ಲೇ ಕುಂಡ್ರತೀನಿ."

ಬಿಸಿಲು ಹೊಸ್ತಿಲು ದಾಟಿ ಅವಳ ಮಡಿಲಿಗೆ ಬಂತು. ಎಷ್ಟು ಹೊತ್ತಾಯಿತೋ... ಕೊನೆಗೆ ಚಿಲಕ ಸರಿದ ಸದ್ದು.

ಸೀತವ್ವ ಅವಳ ಎರಡೂ ಕೈ ಎತ್ತಿ ಮಗ್ಗಲು ಬದಲಿಸಿ ನೋಡಿದಳು.

"ಎಷ್ಟ ಎಳೀ ಕೈ ಇವು! ಇದನ್ನ ನೋಡಿ ಅವತ್ತ ನನಗ ತಿಳೀಬೇಕಿತ್ತು." ಮುದುಕಿ ಕೈ ಬಿಟ್ಟಳು. "ಓಟ ಹೋದದ್ದು ಒಂದ ಕಡೆ ಇರಲಿ. ದಿನಾ ಸಂಜಿಗೆ ನನ್ನ ವಾರಿಗಿಯಾಕಿ, ನನ್ನಷ್ಟ ವಯಸ್ಸಿನಾಕಿ ಒಬ್ಬಾಕಿ ಬಂದು ಮಾತಾಡ್ತಿದ್ದಳು. ನಾನೂ ಕಷ್ಟಾ ಸುಖಾ ಹೇಳ್ತಿದ್ದೆ. ನಿನ್ನೆ ನೀ ಆಕಿನ್ನೂ ಕೊಂದಿ."

ತಾನು ಎರಡು ಕಸಿದುಕೊಂಡಿದ್ದೇನೆ ಎಂದು ಪೂನಮಳಿಗೆ ಗೊತ್ತೇ ಇರಲಿಲ್ಲ!

"ಬೈಯ್ರಿ ಆಯಿ. ಹೊಡೀರಿ..."

"ಹೊಡಿಯೂದಾದ್ರ ಮೊದಲ ನನಗ ಹೊಡೀ ಆಯಿ."

ಹಿಂದಿನಿಂದ ಬಂದ ಧ್ವನಿ. ಕುನಾಲ! ಡ್ಯೂಟಿ ಮುಗಿಸಿ ಬಂದ ಗಡ್ಡದ ಮುಖ, ನಿದ್ದೆಯಿಲ್ಲದ ಕಣ್ಣು. ಅವನು ಪೂನಮಳನ್ನು ನೋಡಲಿಲ್ಲ. ಅಜ್ಜಿಯ ಕಾಲ ಬಳಿ ಕುಳಿತ.

"ಮನಿ ಓಟಿನ ಫಾರ್ಮಿಗೆ ನಿನ್ನ ಹೆಬ್ಬಟ್ಟ ಒತ್ತಿಸಿದ್ನಲ್ಲ, ಪಿಂಚಣಿ ಕಾಗದ ಅಂತ ಸುಳ್ಳ ಹೇಳಿದ್ದೆ. ಬಿಸಿಲಾಗ ನಡದು ಬೀಳ್ತಿ ಅಂತ ಅಂಜಿಕಿ. ಕೇಳಿದ್ರ ಒಲ್ಲೆ ಅಂತಿದ್ದಿ. ಅದಕ್ಕ ಕೇಳಲಿಲ್ಲ. ಫಾರ್ಮ್ ಇಲ್ಲದಿದ್ರ ನೀ ಸಾಲಿಗೆ ಹೋಗಿ ಓಟ ಹಾಕಿ ಬರ್ತಿದ್ದಿ. ಖರೇ ಹೇಳಾಕ ಧೈರ್ಯ ಇಲ್ಲದ ಈಕಿ ಬಾಯಿಲೆ ಹೇಳಸಾಕ ಹೋದೆ."

ಪೂನಮ ಬೆರಗಾಗಿ ನೋಡಿದಳು. "ಅದಕ್ಕ... ಫೋನ್ ಎತ್ತಲಿಲ್ಲೇನ?"

"ಬಬಲೇಶ್ವರದಾಗ ಮೂರ ಮನಿ ಬಾಗಲಾ ಮುಚ್ಚಿದ್ರು, ಮುದುಕವ್ವ ಹೇಳ್ಯಾಳ ಅಂದ್ರು. ಅವರನ್ನ ಎರಡನೇ ಸಲಕ್ಕ ಹ್ಯಾಂಗೋ ಒಪ್ಪಿಸಿದೆ. ನಿನಗ ಬೈಬೇಕಂತ ದಿನಾ ಫೋನ್ ತಗೋತಿದ್ದೆ. ಆ ಹೆಬ್ಬಟ್ಟ ಕಣ್ಣ ಮುಂದ ಬರ್ತಿತ್ತು. ಇಟ್ಟಬಿಡ್ತಿದ್ದೆ. ನನ್ನ ಮನ್ಯಾಗ ಎರಡ ಸಲ ಚಿಲಕಾ ಬಿದ್ದದ್ದು ಮೊನ್ನೆ ಗೊತ್ತಾತು."

ಸೀತವ್ವ ಕೋಲಿನಿಂದ ಅವನ ಬೆನ್ನಿಗೆ ಒಂದು ಬಿಟ್ಟಳು. ಮೆಲ್ಲಗೆ ಪೂನಮಳಿಗೂ ಒಂದು.

"ಜೋಡಿ ಚಲೋ ಕೂಡೈತಿ! ಒಬ್ಬಾಕಿ ಟೀವ್ಯಾಗ ಸುಳ್ಳ, ಒಬ್ಬಾವ ಮನ್ಯಾಗ ಸುಳ್ಳ! ಇಬ್ಬರೂ ನನ್ನ ಕೇಳಲೇ ಇಲ್ಲಲ್ಲೋ ಹಾಟ್ಯಾಗೋಳ್ಯಾ!"

ಕಣ್ಣೊರೆಸಿಕೊಂಡು ಪೂನಮಳ ಕಡೆ ತಿರುಗಿದಳು.

"ಏ ಹುಡುಗಿ. ಮುಂದಿನ ಓಟಿಗೆ ನಾ ನಡದ ಹೋಗಾಕಿ. ನೀ ಕೈ ಹಿಡಿಯಾಕಿ. ಅಲ್ಲಿತನಾ ಸಂಜಿ ಏಳೂವರಿಗೆ ಬಂದು ಈ ಕಟ್ಟಿ ಮ್ಯಾಲ ಕುಂಡ್ರಬೇಕು. ವೇಷ ಬ್ಯಾಡ. ಸುಳ್ಳ ಬ್ಯಾಡ. ಮಾತ ಬೇಕು."

"ಬರ್ತೀನ್ರಿ ಆಯಿ... ದಿನಾ ಬರ್ತೀನಿ."

"ಚಹಾ ಇಡ್ತೀನಿ. ಹಾಲ ಇಲ್ಲ, ಕರೀ ಚಹಾ," ಎಂದು ಗೊಣಗುತ್ತ ಸೀತವ್ವ ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು.

ಹೊಸ್ತಿಲ ಮೇಲೆ ಇಬ್ಬರೇ ಉಳಿದರು. ನಡುವೆ ಬ್ಯಾಗ್ ಇರಲಿಲ್ಲ.

"ಶೋ ಹೋತು," ಎಂದಳು ಪೂನಮ. "ಆಯಿ ಓಟ ಹೋತು. ಇದರಾಗ ನಾ ಪ್ರೀತಿ ಅಂತ ಬಾಯಿ ಬಿಡಾಕ ನಾಚಿಕಿ ಬರ್ತೈತಿ. ಆದ್ರೂ... ಹೇಳದ ಹೋದ್ರ ಅದೂ ಒಂದ ಸುಳ್ಳ ಆಗ್ತೈತಿ."

ಕುನಾಲ ಅವಳ ಕೈ ತೆಗೆದುಕೊಂಡು ಬೆರಳಿನ ಕಪ್ಪು ಗೆರೆಯ ಮೇಲೆ ಹೆಬ್ಬೆರಳಿಟ್ಟ.

"ನಾ ನಿನ್ನ ತಲಿ ಎತ್ತಿ ಕೊಟ್ಟ ದಿನಾನ ಹೇಳಬೇಕಿತ್ತು. ಅಂಜಿದೆ. ಎಲ್ಲಾದಕ್ಕೂ ಅಂಜೀನಿ ನಾ. ಇನ್ನ ಅಂಜಂಗಿಲ್ಲ... ನನಗೂ ನೀ ಬೇಕು."

ಅವಳ ಕಣ್ಣೀರು ಶಾಯಿಯ ಮೇಲೆ ಬಿತ್ತು. ಶಾಯಿ ಕರಗಲಿಲ್ಲ.

"ಇದು ಹೋಗಾಕ ಎಷ್ಟ ದಿನಾ ಬೇಕ ಮಾಸ್ತರ?"

"ಉಗುರ ಬೆಳದ ಹೋಗೋತನಾ. ಎರಡ ಮೂರ ತಿಂಗಳಾ."

"ಅಲ್ಲಿತನಾ ಇದನ್ನ ನೋಡಿದಾಗೊಮ್ಮೆ ಆಯಿ ಖಾಲಿ ಬೆರಳ ನೆನಪಾಗ್ತೈತಿ."

"ಹೋದಮ್ಯಾಲೂ ನೆನಪಿಡು," ಎಂದ ಕುನಾಲ. "ನಾನೂ ಇಡ್ತೀನಿ. ಜೋಡೀಲೆ ಇಡೂಣು."

ಒಳಗಿನಿಂದ ಸೀತವ್ವ ಕೂಗಿದಳು.

"ಏ... ಕೈ ಬಿಡ್ರಿ, ಚಹಾ ಹಿಡೀರಿ!"